ಬಾನೆಟ್‌ಗೊಂದು ರಬ್ಬರ್ ಅಂಗಿ

ಗಾಡಿ ಮನೆಗೆ ಬಂದ ದಿನ ಅವ್ವ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆಸಿದಳು. ಅಪ್ಪ ಕನ್ನಡಕ ಹಾಕಿಕೊಂಡು ಬಾನೆಟ್ ಮೇಲೆ ಬಗ್ಗಿ ಎಣಿಸೋಕೆ ನಿಂತರು. ಹದಿನೇಳರ ತನಕ ಎಣಿಸಿ ಬಿಟ್ಟುಬಿಟ್ಟರು.

"ಇದಕ್ಕೇನ ಮೈಲಿ ಬ್ಯಾನಿ ಬಂದಿತ್ತೇನೋ?"

ಮೈಲಿ ಅಲ್ಲ, ಕಲ್ಲು ಬಡಿದು ಬಣ್ಣ ಹಾರಿದ ಚುಕ್ಕಿಗಳು. ಕೆಎ-26 ನಂಬರಿನ, ಬೆಳ್ಳಿ ಬಣ್ಣದ ಸಣ್ಣ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಮಾರಿದವರು ಗದಗಿನಿಂದ ಹುಬ್ಬಳ್ಳಿಗೆ ದಿನಾ ಡ್ಯೂಟಿಗೆ ಓಡಾಡಿದವರು. ಹೋಗಿ ಬರೋದು ಸೇರಿ ಹತ್ತಿರ ಹತ್ತಿರ 120 ಕಿಲೋಮೀಟರ್. ಇಂಜಿನ್ ಚೆನ್ನಾಗಿತ್ತು, ಸರ್ವಿಸ್ ಪುಸ್ತಕ ನೆಟ್ಟಗಿತ್ತು, ಸೀಟು ಹರಿದಿರಲಿಲ್ಲ, ನಾನು ಅದನ್ನೆಲ್ಲ ನೋಡಿದೆ. ಬಾನೆಟ್ ನೋಡಿದ್ದು ಸಂಜೆ ಆರೂವರೆಗೆ. ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಸಂಜೆ ಹೊತ್ತು ನೋಡಬಾರದು ಅಂತ ಯಾರೂ ಯಾಕೆ ಹೇಳೋದಿಲ್ಲವೋ!

ಗದಗ ರಸ್ತೆ ಗೊತ್ತಿದ್ದವರಿಗೆ ಬಿಡಿಸಿ ಹೇಳೋದೇನೂ ಇಲ್ಲ. ಅಣ್ಣಿಗೇರಿ ಆಚೆ ಈಚೆ ಕಣ್ಣು ಹಾಯಿಸಿದಷ್ಟೂ ಎರೆಹೊಲ, ಮುಂದೆ ಖಡಿ ತುಂಬಿದ ಒಂದು ಟಿಪ್ಪರ್, ಅದನ್ನು ಹಿಂದೆ ಹಾಕುವ ಆಸೆಗೆ ಸ್ವಲ್ಪ ಹತ್ತಿರ ಹೋದಿರೋ, ಟಪ್ ಅಂತ ಒಂದು. ಎಲ್ಲ ಕಲ್ಲೂ ಮೇಲಿನಿಂದ ಬೀಳೋದಿಲ್ಲ. ಜಾಸ್ತಿ ಬರೋದು ಟೈರಿನಿಂದ, ರಸ್ತೆ ಮೇಲೆ ಬಿದ್ದ ಹರಳನ್ನು ಅದು ಎತ್ತಿ ಹಿಂದಕ್ಕೆ ಒಗೆಯುತ್ತದೆ. ನಾವು ಎಂಬತ್ತರ ವೇಗದಲ್ಲಿ ಅದಕ್ಕೆ ಎದುರಾಗಿ ಹೋಗಿರುತ್ತೇವೆ.

ಇನ್ನು ಕಾರಿನ ಬಣ್ಣ ನಾವು ಅಂದುಕೊಂಡಷ್ಟು ದಪ್ಪ ಇರೋದಿಲ್ಲ. ಕಾರ್ಖಾನೆಯಲ್ಲಿ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಮೊದಲ ಪದರ ಕೂರಿಸುತ್ತಾರೆ. ತುಕ್ಕು ತಡೆಯೋದು ಮುಖ್ಯವಾಗಿ ಅದೇ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ ಸುಮಾರು 100ರಿಂದ 120 ಮೈಕ್ರಾನ್. ಎರಡು ತಲೆಗೂದಲನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು. ಅಷ್ಟೇ ದಪ್ಪದ ಚರ್ಮ ಹೊತ್ತುಕೊಂಡು ಆ ಗಾಡಿ ವರ್ಷಗಟ್ಟಲೆ ಟಿಪ್ಪರ್ ಹಿಂದೆ ಓಡಿದೆ. ಮೈಲಿ ಏಳದೆ ಇನ್ನೇನಾಗಬೇಕು?

ಹಳೇ ಹುಬ್ಬಳ್ಳಿ ಕಡೆ ನಮಗೆ ಪರಿಚಯದ ಪೇಂಟಿಂಗ್ ಮಿಸ್ತ್ರಿ ಒಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ಬಾನೆಟ್ ಮೇಲೆ ಕೈ ಆಡಿಸಿದರು, ಉಗುರಿನಿಂದ ಎರಡು ಕಡೆ ಕೆರೆದರು.

"ಬಾನೆಟ್ ಒಂದಕ್ಕ ನಾಕೂವರಿ ಸಾವಿರ ಆಕ್ಕೈತ್ರಿ. ಆದ್ರ ನಾ ಹೊಡಿಯೂದಿಲ್ಲ."

"ಯಾಕ್ರಿ ಮಿಸ್ತ್ರಿ?"

"ಸಿಲ್ವರ್ ಐತ್ರಿ ಇದು. ಬಾನೆಟ್ ಹೊಸಾದು, ಫೆಂಡರ್ ಹಳೇದು, ಎರಡೂ ಬ್ಯಾರೆ ಬ್ಯಾರೆ ಕಾಣ್ತಾವು. ನಾಳೆ ನೀವ ಬಂದು ನನ್ನ ಬೈತೀರಿ. ಹೊಡಿಸಿದ್ರ ಎರಡೂ ಫೆಂಡರ್‌ಗೆ ಶೇಡ್ ಒಯ್ದು ಹೊಡಿಸ್ರಿ. ಹನ್ನೊಂದು ಸಾವಿರ."

ಫೆಂಡರ್ ಅಂದರೆ ಬಾನೆಟ್‌ನ ಆಚೆ ಈಚೆ, ಮುಂದಿನ ಗಾಲಿ ಮೇಲಿನ ತಗಡು. ಅವರು ಹೇಳಿದ್ದು ಖರೆ. ಸಿಲ್ವರ್ ಬಣ್ಣದೊಳಗೆ ಅಲ್ಯೂಮಿನಿಯಂ ಪುಡಿ ಇರುತ್ತದೆ. ಆ ಚೂರುಗಳು ಯಾವ ಕಡೆ ಮುಖ ಮಾಡಿ ಒಣಗುತ್ತವೆ ಅನ್ನೋದರ ಮೇಲೆ ಬಣ್ಣ ತಿಳಿ ಅಥವಾ ಗಾಢ ಕಾಣುತ್ತದೆ. ಗನ್ ಹಿಡಿದ ದೂರ, ಗಾಳಿಯ ಒತ್ತಡ, ಅವತ್ತಿನ ಬಿಸಿಲು, ಏನು ಬದಲಾದರೂ ಶೇಡ್ ಬದಲಾಗುತ್ತದೆ. ಬ್ರಷ್‌ನಿಂದ ಟಚ್‌ಅಪ್ ಹಚ್ಚಿದರಂತೂ ಬೆಳ್ಳಿ ಹೋಗಿ ಬೂದಿ ಬಣ್ಣದ ಚುಕ್ಕಿ ಕೂರುತ್ತದೆ.

ಹನ್ನೊಂದು ಸಾವಿರ ನನ್ನ ಹತ್ತಿರ ಇರಲಿಲ್ಲ. ಗಾಡಿ ಹೆಸರಿಗೆ ಮಾಡಿಸೋದು, ಎರಡು ಟೈರು, ಇನ್ಶೂರೆನ್ಸ್ ಅಂತ ಆಗಲೇ ಕೈ ಖಾಲಿ. ಇನ್ಶೂರೆನ್ಸ್‌ನಲ್ಲಿ ಮಾಡಿಸೋ ಅಂದ ಒಬ್ಬ ಗೆಳೆಯ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅವರ ಜೊತೆಗೇ ಹೋಗುತ್ತದೆ, ಗಾಡಿ ಜೊತೆ ಬರೋದಿಲ್ಲ. ನಾನು ಸೊನ್ನೆಯಿಂದ ಶುರು. ಮೊದಲ ವರ್ಷವೇ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸಿಗಬೇಕಾದ 20 ಪರ್ಸೆಂಟ್ ಹೋಯಿತು. ಅದೂ ಅಲ್ಲದೆ ಸಾದಾ ಪಾಲಿಸಿಯಲ್ಲಿ ಬಣ್ಣದ ಸಾಮಾನಿನ ಖರ್ಚಿನಲ್ಲಿ ಅರ್ಧ ಸವಕಳಿ ಅಂತ ಕಡಿದೇ ಕೊಡೋದು. ಬೇಡ ಅಂತ ಬಿಟ್ಟೆ.

ಆಗ ಬಂದಿದ್ದು ಪುಣೆಯಲ್ಲಿರುವ ಮಾಮನ ಮಗನ ಫೋನು. "ಪೀಲ್ ಮಾಡೋ ಸ್ಪ್ರೇ ಹೊಡಿ ಮಾರಾಯಾ. ರೊಕ್ಕ ಬಂದಾಗ ಸಿಪ್ಪಿ ಸುಲದಂಗ ಸುಲದು ಒಗದು ಬಣ್ಣ ಹಚ್ಚಿಸು."

ಇದು ಡಬ್ಬಿಯಲ್ಲಿ ಸಿಗುವ ರಬ್ಬರಿನಂಥ ಲೇಪ. ಸ್ಪ್ರೇ ಮಾಡಿದರೆ ಒಣಗಿ ತೆಳು ಹಾಳೆ ಆಗುತ್ತದೆ, ಬೇಡ ಅಂದಾಗ ಕಿತ್ತು ತೆಗೆಯಬಹುದು. ಎಲ್ಲರ ಬಾಯಲ್ಲಿರೋ ಹೆಸರು ಪ್ಲಾಸ್ಟಿ ಡಿಪ್. ಅಮೆರಿಕದ ಮಿನ್ನೆಸೋಟದ ಕಂಪನಿ, 1972ರಲ್ಲಿ ಶುರುವಾಗಿದ್ದು. ಆಗ ಅದು ಕಾರಿಗಲ್ಲ, ಇಕ್ಕಳದ ಹಿಡಿಕೆ ಅದ್ದಿ ತೆಗೆಯೋಕೆ ಇದ್ದ ರಬ್ಬರ್ ದ್ರವ. ಆಮೇಲೆ ಸ್ಪ್ರೇ ಡಬ್ಬಿ ಬಂತು, ಗಾಲಿಗೆ ಹೊಡೆದರು, ಗಾಡಿಗೇ ಹೊಡೆದರು. ಈಗ ಅದೇ ತರಹದ್ದನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ನಾನು ತರಿಸಿದ್ದು 400 ಎಂಎಲ್‌ನ ಮ್ಯಾಟ್ ಬ್ಲ್ಯಾಕ್, ಡಬ್ಬಿಗೆ 450 ರೂಪಾಯಿ.

ಎರಡೇ ಡಬ್ಬಿ ತರಿಸಿದೆ. ಅಲ್ಲಿಂದಲೇ ನನ್ನ ಕತೆ ಹದಗೆಟ್ಟಿತು ಅನ್ನಿ.

ಮೇ ಕೊನೆಯ ಒಂದು ರವಿವಾರ. ಅಡ್ಡಮಳೆ ಒಂದೆರಡು ಬಿದ್ದಿದ್ದವು, ಮುಂಗಾರು ಹಿಡಿಯೋದರೊಳಗೆ ಮುಗಿಸಬೇಕು ಅನ್ನೋ ಅವಸರ. ಹುಬ್ಬಳ್ಳಿ ನವನಗರದ ನಮ್ಮ ಮನೆ ಮುಂದೆ, ಮಧ್ಯಾಹ್ನ ಹನ್ನೆರಡಕ್ಕೆ, ರಣ ಬಿಸಿಲಲ್ಲಿ ಶುರು ಹಚ್ಚಿಕೊಂಡೆ. ಗಾಡಿ ತೊಳೆದಿದ್ದು ಹೊಳಪು ಬರುವ ವ್ಯಾಕ್ಸ್ ಶಾಂಪೂವಿನಿಂದ. ಕಲ್ಲೇಟಿನ ಚುಕ್ಕಿಗಳಿಗೆ ಏನೂ ಮಾಡಲಿಲ್ಲ, ಹೇಗೂ ಮುಚ್ಚಿಹೋಗುತ್ತವಲ್ಲ ಅಂತ. ಬಾನೆಟ್ ಬಿಸಿಯಾಗಿತ್ತು, ಗಾಳಿ ಬೀಸುತ್ತಿತ್ತು, ಹೊಡೆದ ಸ್ಪ್ರೇ ಅರ್ಧ ದಾರಿಯಲ್ಲೇ ಒಣಗಿ ಪುಡಿಯಾಗಿ ಬಿದ್ದು ಉಸುಕಿನ ಕಾಗದದಂತೆ ಒರಟಾಯಿತು. ಎರಡು ಡಬ್ಬಿಗೆ ಮೂರು ತೆಳು ಕೋಟ್ ಆದವು. ಕೊನೆಯಲ್ಲಿ ಸ್ವಲ್ಪ ಉಳಿದಿತ್ತು. ಎಡ ಫೆಂಡರ್‌ನ ಗಾಲಿ ಮೇಲಿನ ಅಂಚಿನಲ್ಲಿ ಎರಡು ಚುಕ್ಕಿ ಇದ್ದವು, ಅಲ್ಲಿಗಿಷ್ಟು. ಶೋಕಿಗೆ ಪೆಟ್ರೋಲ್ ಮುಚ್ಚಳಕ್ಕಿಷ್ಟು. ಸುತ್ತ ಲೇಪ ತಾಗದಿರಲಿ ಅಂತ ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಕಿತ್ತಿದ್ದು ಮರುದಿನ ಬೆಳಿಗ್ಗೆ. ಟೇಪಿನ ಜೊತೆ ಅಂಚೂ ಹರಿದು ಬಂತು, ಮುಂದಿನ ತುದಿಯಲ್ಲಿ ಇಲಿ ಕಡಿದಂತಾಯಿತು.

ಆದರೂ ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಮಸ್ತ್ ಇತ್ತು. ಪಕ್ಕದ ಮನೆ ಕಾಕಾ ಬಂದು "ಏನ್ರಿ, ಸ್ಪೋರ್ಟ್ಸ್ ಮಾಡೆಲ್ ಮಾಡಿಸಿದ್ರೇನು?" ಅಂದರು. ನನ್ನ ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತು ನೋಡಿ, "ಬಿಳಿ ಧೋತರಕ್ಕ ಕರಿ ತ್ಯಾಪಿ ಹಚ್ಚಿದಂಗ ಐತ್ರಿ" ಅಂತ ಒಳಗೆ ಹೋದಳು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಲೇಪ ಗುಂಡಿ ತುಂಬೋದಿಲ್ಲ. ಇದು ಪುಟ್ಟಿ ಅಲ್ಲ. ಕಲ್ಲು ಬಿದ್ದ ತಗ್ಗು ಕೆಳಗೆ ಹಾಗೇ ಇರುತ್ತದೆ, ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಮ್ಯಾಟ್ ಬಣ್ಣಕ್ಕೆ ಹೊಳಪು ಇಲ್ಲದ್ದರಿಂದ ಬೆಳಕು ಚದುರಿಹೋಗಿ ಕಣ್ಣಿಗೆ ಬೀಳೋದಿಲ್ಲ, ಅಷ್ಟೇ. ಅದೇ ಜಾಗದಲ್ಲಿ ಹೊಳಪಿನ ಲೇಪ ಹಾಕಿದ್ದರೆ ಪ್ರತಿ ಚುಕ್ಕಿಯೂ ಎದ್ದು ಕಾಣುತ್ತಿತ್ತು.

ಮೊದಲು ಕೈಕೊಟ್ಟಿದ್ದು ಪೆಟ್ರೋಲ್ ಮುಚ್ಚಳ. ಬಂಕ್‌ನಲ್ಲಿ ಹುಡುಗ ನಾಝಲ್ ಹೊರಗೆ ತೆಗೆಯುವಾಗ ನಾಲ್ಕು ಹನಿ ಬಿದ್ದವು. ಮನೆಗೆ ಬರೋದರೊಳಗೆ ಅಲ್ಲಿನ ಲೇಪ ಉಬ್ಬಿ, ಕರಗಿ, ಚೂಯಿಂಗ್ ಗಮ್ ಆಗಿತ್ತು. ಪೆಟ್ರೋಲ್ ಇದಕ್ಕೆ ಆಗಿಬರೋದಿಲ್ಲ. ಮುಚ್ಚಳದ ಹತ್ತಿರ ಹೋಗಲೇಬೇಡಿ.

ಆಮೇಲೆ ಜುಲೈ. ನಮ್ಮ ಧಾರವಾಡದ ಜಿಟಿ ಜಿಟಿ ಮಳೆ ಗೊತ್ತಲ್ಲ, ಸುರಿದು ಹೋಗೋದಿಲ್ಲ, ಕೂತುಬಿಡುತ್ತದೆ. ಒಂದು ವಾರ ಗಾಡಿ ಒಣಗಲೇ ಇಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಬಾನೆಟ್‌ನ ಮುಂದಿನ ಅಂಚಿನ ಹತ್ತಿರ ಒಂದು ಗುಳ್ಳೆ ಕಂಡಿತು. ಕಡಲೆ ಕಾಳಿನಷ್ಟು. ಒತ್ತಿದೆ. ಹರಿದ ಅಂಚಿನಿಂದ ಚಹಾ ಬಣ್ಣದ ನೀರು ಬಂತು.

ಅಲ್ಲಿಗೆ ತಿಳಿಯಿತು. ಆ ಚುಕ್ಕಿ ತಗಡಿನ ತನಕ ಹೋಗಿತ್ತು. ನಾನು ಅದರ ಮೇಲೆ ರೇನ್‌ಕೋಟ್ ಹಾಕಿದೆ ಅಂದುಕೊಂಡಿದ್ದೆ, ನಿಜವಾಗಿ ಒದ್ದೆ ಬಟ್ಟೆ ಹೊದಿಸಿದ್ದೆ. ಇಲಿ ಕಡಿದಂತಿದ್ದ ಅಂಚಿನಿಂದ ನೀರು ಒಳಗೆ ಹೋಗುತ್ತಿತ್ತು, ಹೋದ ನೀರು ಹೊರಗೆ ಬರೋ ಹಾಗಿರಲಿಲ್ಲ. ಲೇಪ ಇಲ್ಲದಿದ್ದರೆ ಒಂದು ತಾಸು ಬಿಸಿಲಿಗೆ ಒಣಗುತ್ತಿತ್ತು. ಮುಚ್ಚಿದ್ದಕ್ಕೇ ಜಂಗು ಜಾಸ್ತಿ ಆಯಿತು.

ಕೀಳೋಣ ಅಂತ ಕೂತೆ. ವಿಡಿಯೋಗಳಲ್ಲಿ ಬಾಳೆಹಣ್ಣಿನ ಸಿಪ್ಪೆಯಂತೆ ಸರ್ರಂತ ಬರುತ್ತದೆ. ನನಗೆ ಬಂದಿದ್ದು ಉಗುರಿನಷ್ಟು, ಉಗುರಿನಷ್ಟು. ಬಿಸಿಲಲ್ಲಿ ಸುಟ್ಟ ಬೆನ್ನಿನ ಚರ್ಮ ಏಳುತ್ತದಲ್ಲ, ಹಾಗೆ. ಎರಡು ತಾಸಿಗೆ ಅರ್ಧ ಅಡಿ. ತೆಳು ಕೋಟ್ ಹೊಡೆದರೆ ಆಗೋದೇ ಇದು. ಹಾಳೆಯಾಗಿ ಬರೋಕೆ ಅದಕ್ಕೆ ಮೈ ಬೇಕು, ದಪ್ಪ ಬೇಕು. ಥಿನ್ನರ್ ಹಾಕಿ ಒರೆಸೋಣ ಅಂತ ಕೈ ಹೋಗಿತ್ತು. ಮಿಸ್ತ್ರಿಗೆ ಫೋನ್ ಮಾಡಿದ್ದು ಒಳ್ಳೇದಾಯಿತು. "ಥಿನ್ನರ್ ಬ್ಯಾಡ್ರಿ, ಹಿಂದ ಯಾರರ ಟಚಿಂಗ್ ಮಾಡಿಸಿದ್ರ ಆ ಬಣ್ಣನೂ ಎದ್ದು ಬರ್ತೈತಿ" ಅಂದರು.

ದಾರಿ ತೋರಿಸಿದವನು ಪುಣೆಯವನೇ. ಹಳೇದರ ಮೇಲೆ ಇನ್ನೂ ಎರಡು ಮೂರು ದಪ್ಪ ಕೋಟ್ ಹೊಡೆ, ಒಣಗಿದ ಮೇಲೆ ಎರಡೂ ಒಂದಾಗಿ ಏಳುತ್ತವೆ ಅಂದ. ಅಂದರೆ ತೆಗೆಯೋಕೆ ಮತ್ತೆ ಹಚ್ಚಬೇಕು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೆರಡು ಡಬ್ಬಿ ತರಿಸಿದೆ. ಮಳೆ ಬಿಡುವು ಕೊಟ್ಟ ಒಂದು ದಿನ ಹೊಡೆದೆ, ಮರುದಿನ ಎಳೆ ಬಿಸಿಲಿಗೆ ನಿಲ್ಲಿಸಿ ಸ್ವಲ್ಪ ಬೆಚ್ಚಗಾದ ಮೇಲೆ ಮೂಲೆಯಿಂದ ಎಬ್ಬಿಸಿದೆ. ಬಂತು ನೋಡಿ, ಚಾಪೆ ಸುತ್ತಿದಂತೆ. ಅವ್ವ ಆ ಹಾಳೆಯನ್ನು ಮಡಚಿ ಬಚ್ಚಲಿನ ಡ್ರಮ್ಮಿನ ಕೆಳಗೆ ಹಾಕಿದ್ದಾಳೆ, ಜಾರೋದಿಲ್ಲವಂತೆ.

ಬಾನೆಟ್‌ನಲ್ಲಿ ಮೂಲ ಬಣ್ಣ ಒಂದು ಚೂರೂ ಏಳಲಿಲ್ಲ. ಕಾರ್ಖಾನೆ ಬಣ್ಣ ಗಟ್ಟಿ. ಆದರೆ ಎಡ ಫೆಂಡರ್‌ನ ಅಂಚಿನಲ್ಲಿ ಎಳೆದಾಗ ಲೇಪದ ಹಿಂದೆಯೇ ಅಂಗೈಯಷ್ಟು ಬೆಳ್ಳಿ ಬಣ್ಣವೂ ಎದ್ದು ಬಂತು. ಕೆಳಗೆ ಹಳದಿ ಪುಟ್ಟಿ. ಫ್ರಿಜ್ ಮೇಲಿನ ಗೋಲಗುಂಬಜದ ಮ್ಯಾಗ್ನೆಟ್ ತಂದು ಹಿಡಿದೆ, ಬಾನೆಟ್‌ಗೆ ಪಟ್ ಅಂತ ಕೂರುವ ಗುಂಬಜ ಇಲ್ಲಿ ಜಾರಿ ಕೆಳಗೆ ಬಿತ್ತು. ಅಂದರೆ ಆ ಫೆಂಡರ್ ಎಲ್ಲೋ ಬಡಿದು, ಪುಟ್ಟಿ ತುಂಬಿ ಬಣ್ಣ ಹೊಡೆಸಿದ್ದು. ಮಾರುವಾಗ ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಆಮೇಲೆ ನೋಡಿದರೆ ಗಾಲಿ ಒಳಗಿನ ಕಪ್ಪು ಪ್ಲಾಸ್ಟಿಕ್ ಮೇಲೆ ಬೆಳ್ಳಿ ಬಣ್ಣದ ಸಿಂಪಡಿಕೆಯೂ ಕಂಡಿತು. ಮ್ಯಾಗ್ನೆಟ್ ಹತ್ತು ರೂಪಾಯಿಗೆ ಬರುತ್ತದೆ. ಗಾಡಿ ಕೊಳ್ಳೋಕೆ ಹೋಗುವಾಗ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ, ಹಗಲು ಹೊತ್ತಿನಲ್ಲಿ ಹೋಗಿ. ಕಾರ್ಖಾನೆ ಬಿಟ್ಟು ಹೊರಗೆ ಬಣ್ಣ ಹೊಡೆಸಿದ ಜಾಗಕ್ಕೆ ಕೀಳುವ ಲೇಪ ಹಾಕಬೇಡಿ, ಕೀಳುವಾಗ ಏನೇನು ಬರುತ್ತದೋ ಹೇಳೋಕಾಗೋದಿಲ್ಲ.

ಎರಡನೇ ಸಲ ದೀಪಾವಳಿ ಮುಗಿಸಿಕೊಂಡೇ ಕೈ ಹಾಕಿದೆ. ಮಳೆ ಇಲ್ಲ, ಗಾಳಿ ಕಡಿಮೆ, ಬಿಸಿಲು ಹದ. ಈ ಸಲ ಒಂದು ವಾರ ಹಿಡಿಯಿತು, ಅದರಲ್ಲಿ ಸ್ಪ್ರೇ ಹೊಡೆದಿದ್ದು ಒಂದು ಮುಂಜಾನೆ ಮಾತ್ರ. ಉಳಿದದ್ದೆಲ್ಲ ಚುಕ್ಕಿಗಳ ಸೇವೆ. ಆ ವಾರ ಧಾರವಾಡಕ್ಕೆ ಆಫೀಸಿಗೆ ಹೋಗಿ ಬಂದದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ನಿಜ ಹೇಳಬೇಕೆಂದರೆ ಕಾರಿಗಿಂತ ಅದೇ ಬೇಗ ಮುಟ್ಟಿಸಿತು.

ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತೊಳೆದೆ. ದಿನಾ ಅದರಲ್ಲಿ ಗಾಡಿ ತೊಳೆಯಬಾರದು, ಆದರೆ ಇದಕ್ಕೆ ಬೇಕು, ಹಳೇ ವ್ಯಾಕ್ಸ್, ಜಿಡ್ಡು ಎಲ್ಲ ಎತ್ತಿಬಿಡುತ್ತದೆ. ಆಮೇಲೆ ಬೆಳಕಿನಲ್ಲಿ ಕೂತು ಒಂದೊಂದೇ ಚುಕ್ಕಿ ನೋಡಿದೆ. ಅಪ್ಪ ಹದಿನೇಳಕ್ಕೆ ಬಿಟ್ಟಿದ್ದರು, ಇದ್ದದ್ದು ಮೂವತ್ತೊಂದು. ಮಗಳು ಪ್ರತಿಯೊಂದರ ಪಕ್ಕ ಟೇಪಿನ ಚೂರು ಅಂಟಿಸುತ್ತಾ ಬಂದಳು. ಹತ್ತೊಂಬತ್ತು ಮೇಲ್ಮೇಲಿನವು, ಬಣ್ಣ ಮಾತ್ರ ಹಾರಿತ್ತು. ಎಂಟರಲ್ಲಿ ಬೂದು ಪ್ರೈಮರ್ ಕಾಣುತ್ತಿತ್ತು. ನಾಲ್ಕು ಮಾತ್ರ ತಗಡಿನ ತನಕ ಹೋಗಿ ಕಂದು ತಿರುಗಿದ್ದವು. ಮೂವತ್ತೊಂದರಲ್ಲಿ ನಿಜವಾದ ರೋಗಿಗಳು ಈ ನಾಲ್ವರೇ. ಬಂಪರ್ ಮೇಲೂ ಒಂದು ರಾಶಿ ಇದ್ದವು, ಆದರೆ ಬಂಪರ್ ಪ್ಲಾಸ್ಟಿಕ್, ಅದಕ್ಕೆ ಜಂಗು ಹಿಡಿಯೋ ಮಾತೇ ಇಲ್ಲ, ಬಿಟ್ಟುಬಿಟ್ಟೆ. ನಿಮ್ಮ ಗಾಡಿಯಲ್ಲಿ ಮುಂದಿನ ಗಾಜಿನ ಮೇಲ್ಭಾಗ, ಛಾವಣಿಯ ಅಂಚಿನಲ್ಲಿ ಚುಕ್ಕಿ ಇದ್ದರೆ ಅದನ್ನು ಮಾತ್ರ ಸಸಾರ ಮಾಡಬೇಡಿ. ಅಲ್ಲಿ ತೂತು ಬಿದ್ದರೆ ನೀರು ಗಾಡಿಯೊಳಗೇ ಬರುತ್ತದೆ.

ಎಲ್ಲ ಚುಕ್ಕಿಗಳ ಮೇಲೂ ಅಗಲ ಟೇಪ್ ಒತ್ತಿ ಅಂಟಿಸಿ ಜೋರಾಗಿ ಕಿತ್ತೆ. ಅಂಚಿನಲ್ಲಿ ಸಡಿಲಾದ ಬಣ್ಣ ಇದ್ದರೆ ಈಗಲೇ ಬರಲಿ ಅಂತ. ನಾಲ್ಕೈದು ಕಡೆ ಬಂತು ಕೂಡ. ಆಮೇಲೆ ಆ ನಾಲ್ಕು ರೋಗಿಗಳು. 320 ನಂಬರಿನ ಎಮರಿ ಕಾಗದವನ್ನು ಪೆನ್ಸಿಲ್ ಹಿಂಬದಿಗೆ ಅಂಟಿಸಿಕೊಂಡು, ಕಂದು ಹೋಗಿ ತಗಡು ಬೆಳ್ಳಗೆ ಮಿಂಚೋ ತನಕ ತಿಕ್ಕಿದೆ. ಸಣ್ಣ ತಗ್ಗುಗಳಲ್ಲಿ ಉಳಿದ ಜಂಗಿಗೆ ಫಾಸ್ಫರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಒಂದೊಂದೇ ಹನಿ. ತೊಳೆದು ಒಣಗಿಸಿ, ಕಡ್ಡಿಪೆಟ್ಟಿಗೆಯ ಕಡ್ಡಿ ತುದಿಯಿಂದ ಪ್ರೈಮರ್, ಎರಡು ಸಲ. ಅದರ ಮೇಲೆ ಟಚ್‌ಅಪ್ ಬಣ್ಣ. ಬಣ್ಣದ ಕೋಡ್ ಗಾಡಿಯ ಪ್ಲೇಟ್ ಮೇಲೇ ಇರುತ್ತದೆ, ಅದನ್ನು ಹೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಶೇಡ್ ಹೊಂದದಿದ್ದರೂ ಪರವಾಗಿಲ್ಲ, ಹೇಗೂ ಮುಚ್ಚುತ್ತೇವಲ್ಲ. ತಗಡಿಗೆ ಗಾಳಿ, ನೀರು ತಾಗದಿದ್ದರೆ ಸಾಕು. ಐದಾರು ದಿನ ಹಾಗೇ ಬಿಟ್ಟೆ, ಹಸಿ ಬಣ್ಣದ ಮೇಲೆ ಲೇಪ ಹೊಡೆದರೆ ಕೀಳುವಾಗ ಅದೂ ಬರುತ್ತದೆ. ಒಣಗಿದ ಮೇಲೆ 1000 ನಂಬರಿನ ವಾಟರ್ ಪೇಪರ್‌ನಿಂದ ಉಬ್ಬು ಇಳಿಸಿದೆ.

ಸ್ಪ್ರೇ ಹೊಡೆಯೋ ದಿನದ ಮುಖ್ಯ ಜಗಳ ಅವ್ವನ ಜೊತೆ. ನಮ್ಮ ಮನೆಯಲ್ಲಿ ಇವತ್ತಿಗೂ ಜಳಕದ ನೀರು ಹಂಡೆಯಲ್ಲಿ ಕಾಯೋದು, ಕಟ್ಟಿಗೆ ಒಲೆ ಪಕ್ಕದ ಅಂಗಳದಲ್ಲೇ ಇದೆ. ಈ ಡಬ್ಬಿಯೊಳಗಿನ ದ್ರಾವಕ ಬೆಂಕಿ ಹತ್ತುವಂಥದ್ದು, ಅದರ ಆವಿಯೂ ಹತ್ತುತ್ತದೆ. "ಇವತ್ತೊಂದಿನ ಒಲಿ ಹಚ್ಚಬ್ಯಾಡವಾ" ಅಂದರೆ, "ನಿನ್ನ ಗಾಡಿ ಸಲುವಾಗಿ ನಿಮ್ಮಪ್ಪ ತಣ್ಣೀರು ಜಳಕಾ ಮಾಡಬೇಕೇನು?" ಅಂತ. ಕೊನೆಗೆ ನಸುಕಿನಲ್ಲೇ ಎಲ್ಲರ ಜಳಕ ಮುಗಿಸಿ, ಒಲೆಗೆ ನೀರು ಹೊಯ್ದು, ಕೆಂಡ ಪೂರ್ತಿ ಆರಿದೆ ಅಂತ ನೋಡಿಕೊಂಡು ಎಂಟೂವರೆಗೆ ಶುರು ಮಾಡಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಇದ್ದಿಲು ಫಿಲ್ಟರ್ ಇರುವ ಮಾಸ್ಕ್ ಬೇಕು. ಮೊದಲ ಸಲ ಕರವಸ್ತ್ರ ಕಟ್ಟಿಕೊಂಡು ಸಂಜೆ ತನಕ ತಲೆನೋವು ತಿಂದಿದ್ದೆ.

ನೆರಳಿನಲ್ಲಿ ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದೆ. ಚಳಿಗೆ ಡಬ್ಬಿ ತಣ್ಣಗಾಗಿದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, ಚೆನ್ನಾಗಿ ಕುಲುಕಿ, ಮುಕ್ಕಾಲು ಗೇಣು ದೂರದಿಂದ ಹೊಡೆದೆ. ಮೊದಲ ಕೋಟ್ ಅರ್ಧಂಬರ್ಧ ಕಾಣೋ ಹಾಗೆ ತೆಳುವಾಗಿ, ಅದು ಹಿಡಿತಕ್ಕೆ. ಆಮೇಲಿನವು ಒದ್ದೆಯಾಗಿ ಮಿಂಚೋ ಹಾಗೆ, ಆದರೆ ಇಳಿಯಬಾರದು. ನಡುನಡುವೆ ಇಪ್ಪತ್ತು ನಿಮಿಷ ಬಿಡುವು, ಒಂದು ಬಿಡುವಿನಲ್ಲಿ ಚಹಾ, ಇನ್ನೊಂದರಲ್ಲಿ ಗಿರಮಿಟ್. ನಾಲ್ಕೂವರೆ ಡಬ್ಬಿಗೆ ಆರು ಕೋಟ್. ಕೊನೆಯ ಕೋಟ್ ಇನ್ನೂ ಹಸಿ ಇರುವಾಗಲೇ ಟೇಪ್ ಕಿತ್ತೆ. ಅಂಚು ಗೆರೆ ಎಳೆದಂತೆ ಬಂತು. ಬಾನೆಟ್ ತುದಿಯಿಂದ ಒಂದು ಬೆರಳಿನಷ್ಟು ಒಳಕ್ಕೂ ಹೊಡೆದಿದ್ದೇನೆ, ನೀರಿಗೆ ಮುಂದಿನ ಅಂಚು ಸಿಗಬಾರದು ಅಂತ. ಕೀಳುವಾಗ ಎಬ್ಬಿಸೋಕೂ ಅದೇ ಜಾಗ. ಗಾಜಿನ ಮೇಲೆ ಬಿದ್ದ ಪುಡಿ ಒರೆಸಿದರೆ ಹೋಯಿತು.

ಖರ್ಚಿನ ಲೆಕ್ಕ ಕೇಳಬೇಡಿ ಅನ್ನಬೇಕು, ಆದರೂ ಹೇಳುತ್ತೇನೆ. ಮೊದಲ ಸಲ ಎರಡು, ಕೀಳೋಕೆ ಎರಡು, ಈಗ ಐದು. ಒಂಬತ್ತು ಡಬ್ಬಿಗೆ 4,050. ಪ್ರೈಮರ್, ಎಮರಿ, ಟಚ್‌ಅಪ್, ಮಾಸ್ಕ್ ಅಂತ ಇನ್ನೊಂದು ಒಂಬೈನೂರು. ಮಿಸ್ತ್ರಿ ಬಾನೆಟ್‌ಗೆ ಹೇಳಿದ್ದು ನಾಲ್ಕೂವರೆ ಸಾವಿರ! ಹೆಂಡತಿ ಇದನ್ನು ಇನ್ನೂ ಕೂಡಿಸಿ ನೋಡಿಲ್ಲ. ಮೊದಲೇ ನೆಟ್ಟಗೆ ಮಾಡಿದ್ದರೆ ಮೂರು ಸಾವಿರದ ಆಸುಪಾಸು ಆಗುತ್ತಿತ್ತು.

ಪೊಲೀಸರು ಹಿಡಿಯೋದಿಲ್ಲವಾ ಅಂತ ಆಫೀಸಿನಲ್ಲಿ ಇಬ್ಬರು ಕೇಳಿದರು. ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. ಇಡೀ ಗಾಡಿಯ ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲೂ ಬದಲಿಸಿಕೊಳ್ಳಬೇಕು, ಕೀಳುವ ಲೇಪ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ನೋಡಬೇಡಿ. ನನ್ನದು ಬಾನೆಟ್ ಒಂದೇ, ಉಳಿದ ಗಾಡಿ ಬೆಳ್ಳಿಯೇ. ಇಲ್ಲಿಯ ತನಕ ಯಾರೂ ಕೇಳಿಲ್ಲ.

ಇನ್ನೊಬ್ಬ ಗೆಳೆಯ, ತನ್ನ ಹಳೇ ಗಾಡಿ ಮಾರೋಕೆ ಇಟ್ಟಿದ್ದಾನೆ, "ನಂದಕ್ಕೂ ಹೊಡದುಕೊಡೋ, ತಗೊಳ್ಳಾಂವಗ ಚುಕ್ಕಿ ಕಾಣಬಾರದು" ಅಂದ. ಆಗೋದಿಲ್ಲ ಅಂದೆ. ನನಗೆ ಎಡ ಫೆಂಡರ್ ನೆನಪಾಯಿತು. ಬೇಕಾದರೆ ಹೊಡೆದುಕೊಡುತ್ತೇನೆ, ಆದರೆ ಕೊಳ್ಳುವವನ ಎದುರೇ ಒಂದು ಮೂಲೆ ಎಬ್ಬಿಸಿ ತೋರಿಸಬೇಕು ಅಂದೆ. ಮಾತು ಅಲ್ಲಿಗೇ ನಿಂತಿತು. ಈಗ ಅವನು ಸ್ವಲ್ಪ ಮುನಿಸಿಕೊಂಡಿದ್ದಾನೆ.

ಹೊಡೆದು ಹತ್ತು ತಿಂಗಳಾಯಿತು. ಒಂದು ಮಳೆಗಾಲ ಪೂರ್ತಿ ನೋಡಿದೆ, ಗುಳ್ಳೆ ಇಲ್ಲ. ಗಬ್ಬೂರಿನಿಂದ ನರೇಂದ್ರದ ತನಕ ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಗಲ ಮಾಡೋ ಕೆಲಸದಲ್ಲಿ ಟಿಪ್ಪರ್‌ಗಳ ಜಾತ್ರೆ ಇತ್ತು, ಅಲ್ಲಿ ಎರಡು ಮೂರು ಸಲ ಟಪ್ ಅಂದಿದೆ. ಒಂದು ಕಡೆ ಮಾತ್ರ ಗಾಯ ಆಗಿದೆ, ಉಳಿದವನ್ನು ರಬ್ಬರ್ ನುಂಗಿಕೊಂಡಿದೆ. ಗಾಯ ಆದ ಜಾಗಕ್ಕೆ ಅವತ್ತೇ ಡಬ್ಬಿಯಿಂದ ಸ್ವಲ್ಪ ಚಿಮುಕಿಸಿದೆ, ಬೆರೆತುಹೋಯಿತು. ತೊಂದರೆ ಅಂದರೆ ಧೂಳು. ಮ್ಯಾಟ್ ಕಪ್ಪಿನ ಮೇಲೆ ನಮ್ಮ ಹುಬ್ಬಳ್ಳಿ ಧೂಳು ಭಸ್ಮ ಬಳಿದಂತೆ ಕಾಣುತ್ತದೆ. ಪಾಲಿಶ್, ವ್ಯಾಕ್ಸ್ ಹಚ್ಚುವ ಹಾಗಿಲ್ಲ, ಹಚ್ಚಿದರೆ ಕಲೆ ಬೀಳುತ್ತದೆ. ಮೆತ್ತನೆ ಬಟ್ಟೆ, ನೀರು, ಸ್ವಲ್ಪ ಶಾಂಪೂ, ಅಷ್ಟೇ. ಇದು ಕೊನೆತನಕ ಇರುವಂಥದ್ದೂ ಅಲ್ಲ. ಬಿಸಿಲಿಗೆ ವರ್ಷ ವರ್ಷ ಸವೆದು ತೆಳುವಾಗುತ್ತದೆ, ತೆಳುವಾದ ಮೇಲೆ ಕೀಳೋದು ಹೇಗಿರುತ್ತದೆ ಅಂತ ನಾನು ಉಗುರು ಸವೆಸಿ ಕಲಿತಿದ್ದೇನೆ. ಅದಕ್ಕೇ ಮುಂದಿನ ಯುಗಾದಿ ಹೊತ್ತಿಗೆ ಕಿತ್ತು, ಮಿಸ್ತ್ರಿ ಹತ್ತಿರ ಬಾನೆಟ್, ಎರಡು ಫೆಂಡರ್, ಮೂರೂ ಹೊಡೆಸೋದು ಅಂತ ಮಾಡಿದ್ದೇನೆ. ಎಡ ಫೆಂಡರ್ ಹೇಗೂ ಹೊಡೆಸಲೇಬೇಕು. ತಿಂಗಳಿಗೆ ಒಂದು ಸಾವಿರ ತೆಗೆದಿಡುತ್ತಿದ್ದೇನೆ.

ಐದನೇ ಡಬ್ಬಿಯಲ್ಲಿ ಅರ್ಧ ಉಳಿದಿತ್ತು ಅಂದೆನಲ್ಲ. ಅಪ್ಪನ ಹತ್ತಿರ ಒಂದು ಹಳೇ ಇಕ್ಕಳ ಇದೆ, ಸರ್ವಿಸ್‌ನಲ್ಲಿದ್ದಾಗಿನದು, ಹಿಡಿಕೆಯ ಪ್ಲಾಸ್ಟಿಕ್ ಎಂದೋ ಹೋಗಿ ಬರೀ ಕಬ್ಬಿಣ ಉಳಿದಿತ್ತು. ಅದನ್ನು ತೊಳೆದು, ತಂತಿಗೆ ನೇತುಹಾಕಿ ಐದು ಕೋಟ್ ಹೊಡೆದುಕೊಟ್ಟೆ. ಕರೆಂಟಿನ ಕೆಲಸಕ್ಕೆ ಮಾತ್ರ ಇದನ್ನು ನಂಬಬೇಡಿ ಅಂತಲೂ ಹೇಳಿದೆ. ಅಪ್ಪ ಕೈಯಲ್ಲಿ ಹಿಡಿದು ಎರಡು ಸಲ ಒತ್ತಿ ನೋಡಿದರು.

"ಹಾಂ, ಇದು ಇದಕ್ಕ ಚಲೋ ಆತು ನೋಡು. ಗಾಡಿಗ್ಯಾಕ ಹಚ್ಚಿದ್ಯೋ?"